ಪಕ್ಕದ ಮನೆ

ಶನಿವಾರ, ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಮೊದಲು ಒಂದು ಕಥೆ ಹೇಳುತ್ತೇನೆ, ಆಮೇಲೆ ಬೈಯುವೆಯಂತೆ. ಇದನ್ನು ಹೇಳಿದವರು ನಮ್ಮ ಆಸ್ಪತ್ರೆ ಲಾಂಡ್ರಿಯ ಬಾಯ್ಲರ್ ಮಾವ, ನಿನ್ನೆ ಮಧ್ಯಾಹ್ನ ಬುತ್ತಿ ಬಿಚ್ಚಿದ ಹೊತ್ತಿಗೆ. ಅವರಿಗೆ ಅವರ ಅಜ್ಜಿ ಹೇಳಿದ್ದಂತೆ.

ಒಬ್ಬಳು ಹೆಂಗಸು. ಯಾರು ಬಾಗಿಲು ತಟ್ಟಿದರೂ ಒಳಗಿಂದಲೇ "ಪಕ್ಕದ ಮನೆ" ಅನ್ನುವವಳು. ನನ್ನನ್ನು ಹುಡುಕಿಕೊಂಡು ಯಾರು ಬರುತ್ತಾರೆ ಅನ್ನುವುದು ಅವಳ ಲೆಕ್ಕ. ಒಂದು ದಿನ ಸಿರಿ ಬಂದು ತಟ್ಟಿತು. "ಪಕ್ಕದ ಮನೆ." ಸರಿ, ಪಕ್ಕದವರು ಮಾಳಿಗೆ ಕಟ್ಟಿಸಿದರು. ಇನ್ನೊಂದು ದಿನ ನಗು ಬಂದು ತಟ್ಟಿತು. "ಪಕ್ಕದ ಮನೆ." ಅಲ್ಲಿ ತೊಟ್ಟಿಲು ತೂಗಿತು. ಇವಳು ಗೋಡೆಗೆ ಕಿವಿಯಿಟ್ಟು, ಎಲ್ಲ ಅವರಿಗೇ ಅಂತ ಕೊರಗಿದಳು. ಕೊನೆಗೆ ಸಾವು ಬಂತು. ಅದಕ್ಕೂ "ಪಕ್ಕದ ಮನೆ" ಅಂದಳು. "ಇಲ್ಲ ತಾಯಿ, ನನಗೆ ವಿಳಾಸ ತಪ್ಪಲ್ಲ" ಅಂದಿತಂತೆ ಸಾವು.

ಎಲ್ಲರೂ ನಕ್ಕರು. ಹಾಸು ಬಟ್ಟೆ ಮಡಿಸುವ ದಪ್ಪಕ್ಕ, "ಇಂಥ ಪೆದ್ದಿ ಎಲ್ಲಾದ್ರೂ ಇರ್ತಾಳಾ ಮಾವ?" ಅಂದಳು.

"ಪೆದ್ದಿ ಅಲ್ಲ ಕಣೇ, ಬಲು ಜಾಣೆ. ಬಾಗಿಲು ತೆಗೀದೇನೇ ಹೊರಗೆ ಯಾರಿದ್ದಾರೆ ಅಂತ ಗೊತ್ತಿತ್ತು ಅವಳಿಗೆ" ಅಂದರು ಮಾವ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ನನ್ನ ಪಾಡು. ನಿನ್ನ ಭಾವ ತೀರಿಹೋದ ಮೇಲೆ ನನ್ನ ಬಾಗಿಲು ತಟ್ಟುತ್ತಿದ್ದವರು ಪಾರ್ಸೆಲ್ ತರುವವರು ಮಾತ್ರ, ಅದೂ ಪಕ್ಕದವರ ಪಾರ್ಸೆಲ್. ಮೊದಮೊದಲು ಎದ್ದು ಹೋಗಿ ಹೇಳುತ್ತಿದ್ದೆ. ಬರಬರುತ್ತಾ ಇದ್ದಲ್ಲಿಂದಲೇ "ಪಕ್ಕದ ಮನೆ" ಅಂತ ಕೂಗುವುದು ರೂಢಿಯಾಯಿತು.

ನೀನು ಹೇಳದೆ ಕೇಳದೆ ಊರು ಬಿಟ್ಟೆ ಅಂತ ಬೇಸಗೆಯಿಂದ ಹಲ್ಲು ಕಡಿಯುತ್ತಿದ್ದೆ. ಗಂಡನಿಗೆ ವರ್ಗವಾದದ್ದೇ ತಡ, ಅಕ್ಕ ಬೇಡವಾದಳು ಅಂದುಕೊಂಡೆ. ಚಿಕ್ಕಮ್ಮ ನಿನ್ನ ಹೊಸ ವಿಳಾಸ ಕೊಡಲು ಬಂದರೆ, "ಬೇಕಾದವರಿಗೆ ಕೊಡಿ" ಅಂದುಬಿಟ್ಟೆ. ಐವತ್ತರ ಹತ್ತಿರ ಬಂದವಳಿಗೆ ಇನ್ಯಾರು ದಿಕ್ಕು ಅನ್ನುವ ಒಂದೇ ಮಾತನ್ನು ಇಸ್ತ್ರಿ ಪೆಟ್ಟಿಗೆಯ ಹಾಗೆ ಮನಸ್ಸಿನ ಮೇಲೆ ಹಿಂದೆ ಮುಂದೆ ಆಡಿಸಿದೆ. ಇಸ್ತ್ರಿಯಿಂದ ಸುಕ್ಕಾದರೂ ಹೋಗುತ್ತದೆ. ಇದರಿಂದ ಬಟ್ಟೆಯೇ ಸುಟ್ಟಿತು.

ನಿನ್ನೆ ಸಂಜೆ ನಮ್ಮ ಮೆಟ್ಟಿಲ ಕೆಳಗಿನ ಬೀಗದ ಅಂಗಡಿಯವನನ್ನು ಕೇಳಿದೆ, ನನ್ನ ತಂಗಿ ಹೋಗುವ ಮುಂಚೆ ಈ ಕಡೆ ಬಂದಿದ್ದಳಾ ಅಂತ. ಅವನು ಬೀಗದಕೈ ಉಜ್ಜುವುದನ್ನು ನಿಲ್ಲಿಸಿದ. "ಬಂದಿದ್ರಲ್ಲಮ್ಮ. ಸಾಮಾನಿನ ಲಾರಿ ಹೊರಗೆ ನಿಲ್ಸಿ ಮೇಲೆ ಹೋದ್ರು. ಕೆಳಗೆ ಬಂದಾಗ ಕಣ್ಣು ತುಂಬಿತ್ತು. 'ಅಕ್ಕ ಪಕ್ಕದ ಮನೆಗೆ ಹೋಗು ಅಂದ್ಲು' ಅಂದ್ರು. ಅಕ್ಕತಂಗೀರ ಜಗಳ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ."

ಗುಬ್ಬಿ, ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದೆನೇನೋ. ತಟ್ಟಿದ್ದು ಕೇಳಿರಬೇಕು, ನಿನ್ನ ದನಿ ಕೇಳಲಿಲ್ಲ. ಕೇಳಿದ್ದರೆ ಓಡಿ ಬರುತ್ತಿದ್ದೆ ಅಂತ ಬರೆಯಲು ಹೊರಟೆ. ನಿಜ ಹೇಳುತ್ತೇನೆ, ಕೇಳಿದ್ದರೂ ಅದು ನಿನ್ನ ದನಿ ಅಂತ ನಂಬುತ್ತಿರಲಿಲ್ಲ.

ಇಷ್ಟು ತಿಂಗಳು ನಿನ್ನ ತಲೆಗೆ ಕಟ್ಟಿದ್ದನ್ನೆಲ್ಲ ಬಿಚ್ಚಬೇಕು. ಒಂದು ದಿನಕ್ಕೆ ಆಗುವ ಕೆಲಸವಲ್ಲ. ಮನಸ್ಸು ಗಾಣದ ಎತ್ತು, ಹಗ್ಗ ಬಿಚ್ಚಿದರೂ ಸುತ್ತುತ್ತಲೇ ಇರುತ್ತದೆ.

ನಿನ್ನ,
ಅಕ್ಕ

ತಾ.ಕ.: ಕಥೆ ಕೇಳಿದವರು ಇವತ್ತು ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋದರು. ದಪ್ಪಕ್ಕ ನನ್ನ ಪಾಲಿನ ಬಟ್ಟೆಯನ್ನೂ ಮಡಿಸುತ್ತಿದ್ದಾಳೆ. ನಾನು ರಾತ್ರಿಯೇ ಚಿಕ್ಕಮ್ಮನ ಹತ್ತಿರ ವಿಳಾಸ ಕೇಳಿ, ಮೊದಲ ಬಸ್ಸು ಹತ್ತಿ ಬಂದು, ನಿನ್ನ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತು ಇದನ್ನು ಬರೆದೆ. ತಟ್ಟಿದೆ, ಯಾರೂ ತೆಗೆಯಲಿಲ್ಲ. ಒಳಗಿದ್ದೇ ತೆಗೆಯುತ್ತಿಲ್ಲ ಅಂತ ಮನಸ್ಸು ಹೇಳುತ್ತಿದೆ. ಪೇಟೆಗೆ ಹೋಗಿರಬಹುದು ಅಂತ ನಾನು ಹೇಳುತ್ತಿದ್ದೇನೆ. ಕಾಗದವನ್ನು ಬಾಗಿಲ ಕೆಳಗೆ ತೂರಿಸುತ್ತೇನೆ. ನಾನು ಇಲ್ಲೇ ಕೂತಿರುತ್ತೇನೆ.