ಗುಂಡಗಿಲ್ಲದ ಚೆಂಡಿನ ಬಿಡುಗಡೆ ಕುರಿತು

ಮಾನ್ಯ ಜಿಲ್ಲಾ ಕ್ರೀಡಾ ಸಾಮಗ್ರಿ ಪರಿವೀಕ್ಷಕರೇ,

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲೂಕುಗಳ ಸಮಸ್ತ ಜನತೆಗೆ ಈ ಮೂಲಕ ಪ್ರಕಟಿಸುವುದೇನೆಂದರೆ, ನಮ್ಮ ಹೊಸ ಜಿಲ್ಲೆ ಹುಟ್ಟಿ ವರ್ಷ ತುಂಬುವ ಮೊದಲೇ ಚರಿತ್ರಾರ್ಹ ಘಟನೆಯೊಂದು ನಡೆದಿದೆ. ಬೈರಾಪಟ್ಟಣದ ಕಡೆಯ ನಮ್ಮ ಶಾಲೆಯ ಚೆಂಡೊಂದು, ತಾನು ಗುಂಡಗಿಲ್ಲ ಎಂಬ ಏಕೈಕ ಅಪರಾಧಕ್ಕಾಗಿ, ತಮ್ಮ ಕಚೇರಿಯ ಬೀರುವಿನೊಳಗೆ ಬಂಧನದಲ್ಲಿದೆ. ತಮ್ಮ ಹೊಸ ಕಚೇರಿಗೆ ಇನ್ನೂ ಬೋರ್ಡು ಬಂದಿಲ್ಲ, ಫ್ಯಾನು ಬಂದಿಲ್ಲ. ಚೆಂಡು ಬಂದಿದೆ. ಅಭಿನಂದನೆಗಳು. ಆದರೆ ಅದು ನಮಗೆ ಭಾನುವಾರದೊಳಗೆ ವಾಪಸ್ಸು ಬೇಕು.

ತಾವು ಶಾಲೆಗೆ ತಪಾಸಣೆಗೆ ಬಂದ ದಿನ ನಾನು ಅಲ್ಲೇ ಇದ್ದೆ. ತಂಗಿಯ ಮಗಳು ಪುಟ್ಟಿ ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ಹೋಗಿದ್ದವನು, ಅನಿರೀಕ್ಷಿತವಾಗಿ ಸಾಕ್ಷಿಯಾದೆ. ತಾವು ಚೆಂಡನ್ನು ಮೇಜಿನ ಮೇಲಿಟ್ಟಿರಿ. ಅದು ಉರುಳಲಿಲ್ಲ, ಒಂದು ಪಕ್ಕಕ್ಕೆ ವಾಲಿ ನಿಂತಿತು. ತಮ್ಮ ಮುಖ ಗಂಭೀರವಾಯಿತು.

"ಏನ್ರೀ ಮೇಷ್ಟ್ರೇ, ಚೆಂಡು ಹಿಂಗೆ ಸೊಟ್ಟಗಾಗಿದೆ?"

"ಸಾರ್, ಅದು ರಗ್ಬಿ ಚೆಂಡು. ಅದರ ಆಕಾರಾನೇ ಹಂಗೆ," ಅಂದರು ನಮ್ಮ ಪಿ.ಟಿ. ಮೇಷ್ಟ್ರು ದೊಡ್ಡಮುನಿಯಪ್ಪನವರು.

"ಆಕಾರ ಕೆಡಿಸಿದ್ದು ಯಾರು ಅಂತ ಕೇಳ್ತಿದೀನಿ."

"ಯಾರೂ ಕೆಡಿಸಿಲ್ಲ ಸಾರ್, ಹುಟ್ಟಿದಾಗಿಂದ್ಲೂ ಹಂಗೇ ಐತೆ."

ತಮ್ಮ ತೀರ್ಪು ಕೂಡಲೇ ಹೊರಬಿತ್ತು: ಚೆಂಡನ್ನು ವಶಕ್ಕೆ ಪಡೆಯಲಾಗಿದೆ, ದುರಸ್ತಿಯಾಗಿ ಗುಂಡಗಾದ ಮೇಲೆ ಹಿಂದಿರುಗಿಸಲಾಗುವುದು. ಸ್ವಾಮೀ, ರಾಮನಗರದ ಮಾರುಕಟ್ಟೆಗೆ ದಿನಾ ಬೆಳಗ್ಗೆ ರಾಶಿ ರಾಶಿ ರೇಷ್ಮೆಗೂಡು ಬರುತ್ತದಲ್ಲ, ಅವುಗಳಲ್ಲಿ ಒಂದಾದರೂ ಗುಂಡಗಿರುವುದನ್ನು ತಾವು ನೋಡಿದ್ದೀರಾ? ಗೂಡು ಉದ್ದುದ್ದಕ್ಕಿದೆ ಎಂದು ಯಾರಾದರೂ ಹರಾಜು ನಿಲ್ಲಿಸಿದ್ದುಂಟೆ? ಮೊಟ್ಟೆ ಗುಂಡಗಿಲ್ಲವೆಂದು ಕೋಳಿಗೆ ನೋಟಿಸು ಜಾರಿ ಮಾಡಿದವರುಂಟೆ? ನಮ್ಮ ಮಕ್ಕಳಿಗಂತೂ ಆ ಚೆಂಡಿನ ಆಕಾರ ಕಂಡು ಒಂದಿಷ್ಟೂ ಗಾಬರಿಯಾಗಲಿಲ್ಲ. ಅರ್ಧ ಮಕ್ಕಳು ಹುಳ ಸಾಕುವ ಮನೆಯವರು. ನೋಡಿದ ಕೂಡಲೇ ಅದಕ್ಕೆ 'ಗೂಡು' ಅಂತ ಹೆಸರಿಟ್ಟರು. ಅಂದಿನಿಂದ ಅದು ಗೂಡೇ.

ಆ ಗೂಡು ನಮ್ಮೂರಿಗೆ ಬಂದದ್ದು ಹೀಗೆ. ಮೈಸೂರು ರಸ್ತೆ ಅಗಲವಾಗಿ, ಪಕ್ಕದ ರಾಗಿ ಹೊಲಗಳಲ್ಲಿ ಫ್ಯಾಕ್ಟರಿಗಳೆದ್ದು, ಕೋಳಿ ಕೂಗುವ ಮೊದಲೇ ಸೈರನ್ ಕೂಗತೊಡಗಿದ ಕಾಲದಲ್ಲಿ, ಫ್ಯಾಕ್ಟರಿಯೊಂದರ ವಿದೇಶಿ ಮ್ಯಾನೇಜರರು ಶನಿವಾರಗಳಲ್ಲಿ ನಮ್ಮ ಶಾಲೆಗೆ ಬಂದು ಈ ಆಟ ಕಲಿಸಿದರು. ಅವರ ಕನ್ನಡ, ನಮ್ಮ ಮೇಷ್ಟ್ರ ಇಂಗ್ಲಿಷು ಎರಡೂ ಒಂದೇ ಮಟ್ಟದ್ದಾದ್ದರಿಂದ ತಕರಾರು ಬರಲಿಲ್ಲ. ಚೆಂಡನ್ನು ತಬ್ಬಿಕೊಂಡು ಓಡಬೇಕು, ಎದುರಾಳಿಯ ಕಡೆಯ ಗೆರೆ ದಾಟಿ ನೆಲಕ್ಕೆ ಒತ್ತಬೇಕು, ಜೊತೆಯವರಿಗೆ ಎಸೆಯುವುದಾದರೆ ಹಿಂದಕ್ಕೇ ಎಸೆಯಬೇಕು. ಇಷ್ಟೇ. ಮ್ಯಾನೇಜರರಿಗೆ ವರ್ಗವಾಯಿತು, ಚೆಂಡು ಉಳಿಯಿತು. ನಮ್ಮ ಮೇಷ್ಟ್ರು ಉಳಿದ ಮೂರು ತಾಲೂಕುಗಳ ಪಿ.ಟಿ. ಮೇಷ್ಟ್ರುಗಳಿಗೂ ಆಟ ಕಲಿಸಿದರು. ಈಗ ನಾಲ್ಕು ತಾಲೂಕಿಗೂ ಅದೊಂದೇ ಚೆಂಡು. ಮ್ಯಾಚು ಎಲ್ಲಿದ್ದರೆ ಅಲ್ಲಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುತ್ತದೆ. ಅಂದರೆ ತಾವು ಬೀರುವಿಗೆ ಹಾಕಿ ಬೀಗ ಜಡಿದಿರುವುದು ಒಂದು ಚೆಂಡಿಗಲ್ಲ, ಇಡೀ ಜಿಲ್ಲೆಯ ರಗ್ಬಿಗೆ.

ಈ ವರ್ಷದ ಸಾಧನೆಯನ್ನೂ ತಮ್ಮ ಅವಗಾಹನೆಗೆ ತರುತ್ತೇನೆ. ಹುಡುಗರ ಮೊದಲ ಮ್ಯಾಚು ಕನಕಪುರದಲ್ಲಿ. ನಮ್ಮ ಸಿದ್ದರಾಮುವಿನ ಕೈಗೆ ಚೆಂಡು ಸಿಕ್ಕಿತು. ಸಿಕ್ಕಿದವನೇ "ಕಬಡ್ಡಿ ಕಬಡ್ಡಿ ಕಬಡ್ಡಿ" ಎನ್ನುತ್ತಾ ಓಡಿದ. ಹಿಡಿಯಲು ಬಂದವರೆಲ್ಲ ಮಣ್ಣು ಮುಕ್ಕಿದರು. ಗೆರೆ ದಾಟಿದ. ನಾವೆಲ್ಲ ಎದ್ದು ನಿಂತೆವು. ಅವನು ಗೆರೆಯಾಚೆ ಬಲಗಾಲು ಮುಟ್ಟಿಸಿ, ಗರ್ರನೆ ತಿರುಗಿ, ಚೆಂಡಿನ ಸಮೇತ ನಮ್ಮ ಕಡೆಗೇ ವಾಪಸ್ಸು ಓಡಿ ಬಂದ.

"ಲೇ ಸಿದ್ದ! ಅಲ್ಲೇ ಇಡ್ಲಾ! ಯಾಕ್ಲಾ ವಾಪಸ್ ಬತ್ತಿದ್ದೀಯ?" ಅಂತ ಮೇಷ್ಟ್ರು ಅರಚಿಕೊಂಡರು.

"ಉಸ್ರು ಇನ್ನೂ ಐತೆ ಸಾ!" ಅಂದ ಸಿದ್ದರಾಮು, ನಮ್ಮ ಕಡೆಯ ಗೆರೆ ಮುಟ್ಟಿ, ಹೆಮ್ಮೆಯಿಂದ.

ಸೋತೆವು. ಆದರೆ ಯೋಚಿಸಿ: ಹೋದವನು ಮನೆಗೆ ವಾಪಸ್ಸು ಬರಬೇಕು ಎಂಬ ನಿಯಮವನ್ನು ಚಿಕ್ಕಂದಿನಿಂದ ಮೈಗೂಡಿಸಿಕೊಂಡ ಹುಡುಗನನ್ನು ಬೈಯುವುದು ಹೇಗೆ? ತಮ್ಮ ಕಚೇರಿಗೆ ಹೋದ ವಸ್ತುಗಳಿಗೂ ಈ ಗುಣ ಇದ್ದಿದ್ದರೆ ಇಂದು ಈ ಪತ್ರವೇ ಬೇಕಿರಲಿಲ್ಲ. ಮುಂದಿನ ಮ್ಯಾಚಿನಲ್ಲಿ ಹುಡುಗರೆಲ್ಲ "ಗೂಡು ಇಡ್ಲಾ, ಗೂಡು ಇಡ್ಲಾ" ಎಂದು ಕೂಗಿ ಕೂಗಿ ಸಿದ್ದರಾಮುವಿನ ಕೈಯಲ್ಲಿ ಅದನ್ನು ಇಡಿಸಿಯೇ ಬಿಟ್ಟರು. ರಾಮನಗರದವರನ್ನು ಸೋಲಿಸಿದೆವು. ಅಷ್ಟರಲ್ಲಿ ತಪಾಸಣೆಗೆಂದು ತಮ್ಮ ಜೀಪು ಶಾಲೆಗೆ ಬಂತು.

ಉಳಿದಿರುವುದು ಒಂದೇ ಮ್ಯಾಚು, ಹುಡುಗಿಯರದು. ಭಾನುವಾರ, ಸಾವನದುರ್ಗದ ತಪ್ಪಲಲ್ಲಿ, ಮಾಗಡಿಯವರ ವಿರುದ್ಧ. ನಮ್ಮ ಕ್ಯಾಪ್ಟನ್ ಪುಟ್ಟಿಗೆ ಮುಂದಿನ ತಿಂಗಳು ಹದಿನಾಲ್ಕು ತುಂಬುತ್ತದೆ, ಅಲ್ಲಿಗೆ ಜೂನಿಯರ್ ಲೆಕ್ಕದಿಂದ ಹೊರಗೆ. ಸೀನಿಯರ್ ಹುಡುಗಿಯರಿಗೆ ನಮ್ಮ ಜಿಲ್ಲೆಯಲ್ಲಿ ರಗ್ಬಿ ಇಲ್ಲ. ಬೆಳಗ್ಗೆ ಊರಬಾಗಿಲಿಗೆ ಬಂದು ಅವರನ್ನು ಕೆಲಸಕ್ಕೆ ಹತ್ತಿಸಿಕೊಳ್ಳುವ ಗಾರ್ಮೆಂಟ್ಸ್ ಬಸ್ಸು ಇದೆ. ಹಾಗಾಗಿ ಅವಳ ಮೊದಲನೆಯ ಮ್ಯಾಚೂ ಇದೇ, ಕೊನೆಯದೂ ಇದೇ. ಮೊನ್ನೆ ಜಗಲಿ ಮೇಲೆ ಕೂತು ನನ್ನನ್ನು ಕೇಳಿದಳು:

"ಮಾವ, ಗಂಡೈಕ್ಳು ಎಲ್ಡು ಮ್ಯಾಚ್ ಆಡ್ಬುಟ್ರು. ಆವಾಗ ನೆಟ್ಟಗಿತ್ತು. ನಮ್ ಸರದಿ ಬಂದೇಟ್ಗೆ ಚೆಂಡು ಸೊಟ್ಟ ಆಗೋಯ್ತಾ?"

ಬರೆದು ಬದುಕುವ ನಾನು ಅವಳ ಪ್ರಶ್ನೆಯನ್ನು ಇದ್ದ ಹಾಗೇ ಬರೆದು ತಮಗೆ ಕಳಿಸುತ್ತಿದ್ದೇನೆ. ಉತ್ತರ ಹೊಳೆದರೆ ತಿಳಿಸಿ.

ಕೈಕಟ್ಟಿ ಕೂರಬಾರದೆಂದು ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ನಾಗರಾಜುವಿಗೆ ಹೇಳಿ ಅದೇ ಅಳತೆಯ ಮರದ ಚೆಂಡೊಂದನ್ನು ಮಾಡಿಸಿದೆ. ಕೆಂಪು, ಹಳದಿ ಅರಗಿನ ಬಣ್ಣ, ಕನ್ನಡಿಯಂಥ ಹೊಳಪು. "ಇದ ಎಸೆಯಕ್ಕೆ ಮನ್ಸು ಬರಾಕಿಲ್ಲ ಕಣಣ್ಣ," ಅಂದಿದ್ದ ನಾಗರಾಜು. ಪುಟ್ಟಿಗೆ ಬಂತು. ಹಿಂದಕ್ಕೆ ಎಸೆದಳು, ನಿಯಮದ ಪ್ರಕಾರವೇ. ಹಿಂದೆ ನಾನಿದ್ದೆ. ನನ್ನ ಎಡಗಾಲಿನ ಹೆಬ್ಬೆರಳ ಉಗುರು ಈಗ ಇಲ್ಲ. ಮರದ ಚೆಂಡನ್ನು ನನ್ನ ತಂಗಿ ಅಂಬುಜಮ್ಮ ಟಿ.ವಿ. ಮೇಲೆ ಇಟ್ಟುಕೊಂಡಿದ್ದಾಳೆ.

ಕುಂಟುತ್ತಲೇ ತಮ್ಮ ಕಚೇರಿಗೂ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಸೂಪರಿಂಟೆಂಡೆಂಟರು ಗುಮಾಸ್ತರ ಕಡೆ ಕಳಿಸಿದರು, ಗುಮಾಸ್ತರು ಜವಾನನ ಕಡೆ, ಜವಾನ ಗೇಟಿನ ಕಡೆ. ಆಗ ನನಗೆ ಜ್ಞಾನೋದಯವಾಯಿತು: ಇಷ್ಟು ಅಚ್ಚುಕಟ್ಟಾಗಿ, ಕೈ ತಪ್ಪದೆ, ಬರೀ ಹಿಂದಕ್ಕೇ ಎಸೆಯುವ ತಂಡ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಒಂದೇ ಕೊರತೆ. ರಗ್ಬಿಯಲ್ಲಿ ಚೆಂಡು ಹಿಂದಕ್ಕೆ ಹೋದರೂ ಆಡುವವರು ಮುಂದಕ್ಕೆ ಓಡುತ್ತಾರೆ. ಆ ಭಾಗವನ್ನು ತಮ್ಮವರು ಇನ್ನೂ ಅಭ್ಯಾಸ ಮಾಡಿಲ್ಲ.

ಆದ್ದರಿಂದ ಕೇಳುವುದಿಷ್ಟೇ. ಕ್ಷಮೆ ಬೇಡ, ಮರುತನಿಖೆ ಬೇಡ, ಹೊಸ ಚೆಂಡೂ ಬೇಡ. ಶನಿವಾರ ಮಧ್ಯಾಹ್ನ ಬೀರುವಿನ ಬೀಗ ತೆಗೆಯಿರಿ. ಬಾಗಿಲಲ್ಲಿ ಪುಟ್ಟಿ ನಿಂತಿರುತ್ತಾಳೆ. ಅವಳಿಗೆ ಮುಖ ಕೊಟ್ಟು ಮಾತಾಡಲು ಮುಜುಗರವಾದರೆ ಬೆನ್ನು ತಿರುಗಿಸಿ ಹಿಂದಕ್ಕೇ ಎಸೆಯಿರಿ, ಹಿಡಿದುಕೊಳ್ಳುತ್ತಾಳೆ. ಇಷ್ಟು ದಿನ ಒಳಗಿದ್ದು ಅದರ ಉಸಿರು ಒಸಿ ಇಳಿದಿರಬಹುದು. ತಮ್ಮ ಕಚೇರಿಯ ಎದುರಿಗೇ ಮೆಹಬೂಬನ ಸೈಕಲ್ ಶಾಪಿದೆ, ಅವನ ಹತ್ತಿರ ಪಂಪಿನ ಸೂಜಿಯೂ ಇದೆ. ದಯಮಾಡಿ ಜವಾನನ ಕೈಲಿ ಕಳಿಸಿ, ಮೊದಲೇ ಗಾಳಿ ಹೊಡೆಸಿಡಿ. ಗುಂಡಗಾಗುವ ತನಕ ಮಾತ್ರ ಹೊಡೆಸಬೇಡಿ, ಒಡೆದುಹೋಗುತ್ತದೆ.

ಇಂತಿ,
ಎಡಗಾಲಿನ ಹೆಬ್ಬೆರಳೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ ತಮ್ಮ ವಿಧೇಯನಾದ
ಪುಟ್ಟಿಯ ಸೋದರಮಾವ