ಮುಕ್ಕಾಲು ಇಂಚು

ಯುರೇಕಾ, ಸೌತ್ ಡಕೋಟಾ
ಅಕ್ಟೋಬರ್ ೧೧, ಗುರುವಾರ

ಪ್ರೀತಿಯ ವರ್ಲಿನಣ್ಣಾ,

ನಿನ್ನ ಕಾಗದ ಬಂತು. ಇಪ್ಪತ್ತನೇ ತಾರೀಖು ಫೆಸೆಂಟ್ ಹಕ್ಕಿ ಬೇಟೆ ಶುರುವಾಗುವ ದಿನ ಅಪ್ಪನ ಕೋವಿ ತಂದು ನಿನ್ನ ಕೈಗೆ ಕೊಡಬೇಕಂತೆ. ನಾನು ಮೆಕ್ಕೆಜೋಳದ ಹೊಲದಲ್ಲಿ ಹಕ್ಕಿ ಎಬ್ಬಿಸುವವರ ಜೊತೆ ಬರಿಗೈಲಿ ನಡೆದು, ಆಮೇಲೆ ಎಲ್ಲರಿಗೂ ಕೂಖನ್ ಕೇಕು ಹಂಚಬೇಕಂತೆ. ಕೂಖನ್ ಮಾಡಿಕೊಂಡು ಬರುತ್ತೇನೆ, ನಿನಗಿಷ್ಟದ ಪ್ಲಮ್ ಹಣ್ಣಿನದೇ. ಬರಿಗೈಲಿ ಮಾತ್ರ ನಡೆಯಲ್ಲ. ನಿಮ್ಮೆಲ್ಲರ ಸಾಲಿನಲ್ಲಿ ಕೋವಿ ಹಿಡಿದೇ ನಿಲ್ಲುತ್ತೇನೆ. ಸಿಟ್ಟು ಬಂದರೆ ಬರಲಿ.

ನೀನು ಬೇರೆ ಕೋವಿ ಕೊಂಡ ಮೇಲೆ ಹನ್ನೊಂದು ವರ್ಷ ಆ ಕೋವಿ ನಾನು ಹೊತ್ತೆ. ಪ್ರತಿ ಅಕ್ಟೋಬರ್ ತಿಂಗಳೂ ನನ್ನ ಭುಜ ನೀಲಿಗಟ್ಟುತ್ತಿತ್ತು. "ನಮ್ಮ ಆರ್ಡೆಲ್ಲಾ ಕೋವಿ ಎತ್ತಿದ್ರೆ ಹಕ್ಕಿಗಳು ನೆಮ್ಮದಿಯಾಗಿ ಕಾಳು ತಿಂತಾವೆ" ಅಂತ ನೀನು ಎಲ್ಲರೆದುರು ಹೇಳುತ್ತಿದ್ದೆ. ನಾನೂ ಹಲ್ಲು ಕಿರಿಯುತ್ತಿದ್ದೆ, ಇನ್ನೇನು ಮಾಡಲಿ? ಮನೆಗೆ ಬಂದು ಬಚ್ಚಲಲ್ಲಿ ಅಳುತ್ತಿದ್ದೆ, ಅದನ್ನ ಇವತ್ತೇ ಹೇಳುತ್ತಿರೋದು. ಹೋದ ವರ್ಷ ಅಪ್ಪ ಪಿಕಪ್ ಒಳಗೆ ಕಂಬಳಿ ಹೊದ್ದು ಕೂತು ನೋಡುತ್ತಿದ್ದ. ನಾನು ಮೂರು ತೋಟಾ ಹಾರಿಸಿ ಮೂರೂ ತಪ್ಪಿದಾಗ ಮುಖ ಆ ಕಡೆ ತಿರುಗಿಸಿದ. ಅವನು ನೋಡಿದ ಕೊನೆಯ ಬೇಟೆ ಅದು. ಅಣ್ಣಾ, ಆ ತಿರುಗಿದ ಮುಖ ನನ್ನ ಕಣ್ಣಿಂದ ಹೋಗಿಲ್ಲ.

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಅವತ್ತೇ ಲಿಯೋನಾ ಅವರ ಕೋವಿ ಅಂಗಡಿಗೆ ಹೋಗಿ, ಒಂದು ಪಂಪ್ ಕೋವಿ ಬೇಕು, ಬೇಟೆಗೂ ಆಗಬೇಕು, ಗಾಳಿಗೆ ಎಸೆದ ಮಣ್ಣಿನ ತಟ್ಟೆ ಹೊಡೆಯೋದಕ್ಕೂ ಆಗಬೇಕು ಅಂದೆ. ಕೈಗೆ ಸಿಕ್ಕಿದ್ದನ್ನ ನೀನು ಕಲಿಸಿದ ಹಾಗೆ ಮೊಣಕೈ ಮಡಚಿ ಅದಕ್ಕೆ ಆನಿಸಿ ಅಳೆದೆ. "ಯಾಕಮ್ಮಾ, ನೀನು ಮೊಣಕೈಯಿಂದ ಗುರಿ ನೋಡ್ತೀಯಾ?" ಅಂದುಬಿಟ್ಟರು ಲಿಯೋನಾ. ಎಪ್ಪತ್ತೆಂಟು ವಯಸ್ಸು, ಬಾಯಿ ಮಾತ್ರ ಇನ್ನೂ ಚೂಪು. ಕಾರಿಗೆ ಅಟ್ಟಿ ಬೇಟೆಯ ದಪ್ಪ ಕೋಟು ತರಿಸಿದರು. ತೆಳು ಅಂಗಿ ಮೇಲೆ ಸರಿಹೋಗುವ ಕೋವಿ ಕೋಟಿನ ಮೇಲೆ ಉದ್ದವಾಗುತ್ತದಂತೆ. ಸೆಕೆಯಲ್ಲಿ ಬೆವರುತ್ತಾ ನಿಂತೆ, ಕೌಂಟರಿನ ಹತ್ತಿರ ಇಬ್ಬರು ಗಂಡಸರು ಕಿಸಿಕಿಸಿ ನಗುತ್ತಿದ್ದರು. ನಗಲಿ ಬಿಡು.

ಖಾಲಿ ಕೋವಿ ಕೊಟ್ಟು, "ಗೋಡೆ ಮೇಲಿನ ಆ ಜಿಂಕೆ ತಲೆ ನೋಡು. ಕಣ್ಮುಚ್ಚು. ಕೋವಿ ಎತ್ತಿ ಕೆನ್ನೆಗೆ ತಗೋ. ಈಗ ಕಣ್ಬಿಡು" ಅಂದರು. ಒಂದರಲ್ಲಿ ನಳಿಗೆ ಮೇಲಕ್ಕೆ ನೋಡುತ್ತಿತ್ತು. ಇನ್ನೊಂದರಲ್ಲಿ ಪಂಪ್ ಎಳೆಯೋಕೆ ಎಡಗೈ ಎಟುಕಲಿಲ್ಲ. ಐದನೆಯದಕ್ಕೆ ಕಣ್ಣು ಬಿಟ್ಟರೆ ನಳಿಗೆ ನೆಟ್ಟಗೆ ಜಿಂಕೆಯನ್ನೇ ನೋಡುತ್ತಿದೆ! ನಾನು ಕತ್ತು ಚಾಚಿರಲಿಲ್ಲ, ಭುಜ ಎಳೆದಿರಲಿಲ್ಲ. "ನಿನ್ನ ಭುಜದಲ್ಲಿ ಏನೂ ದೋಷ ಇಲ್ಲ ಮಗಳೇ, ಇಷ್ಟು ದಿನ ಯಾರದೋ ಕೋವಿ ಹಿಡಿದಿದ್ದೀಯ ನೀನು" ಅಂದರು. ಅಂಗಡಿಯಲ್ಲೇ ನನ್ನ ಕಣ್ಣು ತುಂಬಿತು. ನನ್ನ ಅಳತೆ, ಟ್ರಿಗರಿನಿಂದ ಹಿಂಬದಿಯ ತುದಿವರೆಗೆ, ಹದಿಮೂರೂವರೆ ಇಂಚು ಅಂತ ಚೀಟಿಯಲ್ಲಿ ಬರೆದುಕೊಟ್ಟು, ಆ ಕೋವಿಯನ್ನ ಎರಡು ದಿನ ನನಗೋಸ್ಕರ ತೆಗೆದಿಡುತ್ತೇನೆ ಅಂದರು.

ಆದ್ದರಿಂದ ಕೇಳು: ಇಪ್ಪತ್ತನೇ ತಾರೀಖು ನನ್ನ ಮೈಗೊಪ್ಪುವ ಕೋವಿ ಹಿಡಿದು ಬರುತ್ತೇನೆ. ನಿನ್ನ ಬಲಗಡೆಯೇ ನಿಲ್ಲುತ್ತೇನೆ. ಹಕ್ಕಿ ಎದ್ದಾಗ ಮಾತಾಡಬೇಡ, ನೋಡು.

ಅತ್ತಿಗೆಗೆ ನನ್ನ ನೆನಪು ತಿಳಿಸು.

ನಿನ್ನ ಒಬ್ಬಳೇ ತಂಗಿ,
ಆರ್ಡೆಲ್ಲಾ

ಮರೆತೆ: ಅಂಗಡಿಯ ಆ ಕೋವಿ ನಾನು ಕೊಳ್ಳಲಿಲ್ಲ. ನಿನಗೆ ಕೊಟ್ಟುಬಿಡೋಣ ಅಂತಲೇ ಅಪ್ಪನದನ್ನ ಒರೆಸಲು ತೆಗೆದೆ. ಅಳೆದರೆ ಹದಿನಾಲ್ಕೂಕಾಲು ಇಂಚು. ಅಪ್ಪನೂ ನನ್ನಷ್ಟೇ ಗಿಡ್ಡ, ಅವನಿಗೆ ಇಷ್ಟುದ್ದ ಹೇಗೆ ಸರಿಹೋಗುತ್ತಿತ್ತು? ಹಿಂಬದಿಯಲ್ಲಿ ಭುಜಕ್ಕೆ ಆನುವ ರಬ್ಬರಿನ ಎರಡು ತಿರುಪು ಬಿಚ್ಚಿದೆ. ಒಳಗೆ ಮುಕ್ಕಾಲು ಇಂಚಿನ ಮರದ ತುಂಡು, ಅದರ ಮೇಲೆ ಪೆನ್ಸಿಲಿನಲ್ಲಿ ಅಪ್ಪನ ಕೈಬರಹ: "ವರ್ಲಿನ್‌ಗೆ. ಹುಡುಗ ಉದ್ದ ಬೆಳೆದಿದ್ದಾನೆ. ೧೯೮೬." ನಿನಗೆ ಮರ ಕೆತ್ತಿ ಕೂರಿಸಿದ. ನನಗೆ "ಭುಜ ಗಟ್ಟಿ ಮಾಡ್ಕೋ" ಅಂದ. ಅವನು ಮರೆತಿರಬಹುದು. ನೀನು ಮರೆತೆಯೋ, ಗೊತ್ತಿದ್ದೂ ನಗುತ್ತಿದ್ದೆಯೋ, ಇಪ್ಪತ್ತನೇ ತಾರೀಖು ನನ್ನ ಮುಖ ನೋಡಿ ಹೇಳು. ತುಂಡು ತೆಗೆದು ರಬ್ಬರ್ ಮತ್ತೆ ಕೂರಿಸಿದೆ, ಸರಿಯಾಗಿ ಹದಿಮೂರೂವರೆ. ನಿನ್ನೆ ಇಪ್ಪತ್ತೈದು ತಟ್ಟೆಗೆ ಇಪ್ಪತ್ತೊಂದು ಒಡೆದೆ. ಆ ತುಂಡು ಈ ಲಕೋಟೆಯಲ್ಲೇ ಇದೆ. ನಿನ್ನ ಹೆಸರಿರೋದು ಅದರ ಮೇಲೆ, ಅದನ್ನ ಇಟ್ಟುಕೋ. ಕೋವಿ ನಾನು ಕೊಡಲ್ಲ.