ದೊರೆಯ ಮೂತಿಗೆ ಅಳತೆ

ಮಾರ್ಚ್ 3
ಎರಡು ಪ್ಯಾಂಟು, ಒಂದು ಕೋಟು ಮುಗಿಸಿದೆ. ಸಂಜೆ ನಮ್ಮ ನಾಯಿ ದೊರೆಯ ಮೂತಿ ಅಳೆದೆ. ಸುತ್ತಳತೆ ಹತ್ತೂವರೆ ಇಂಚು. ಗಿರಾಕಿ ಟೇಪನ್ನೂ ನೆಕ್ಕಿದ.

ಕಾರಣ, ಮಹಡಿಯ ಮೇಲಿನ ಓನರ್ ಅಮ್ಮ. ನಿನ್ನೆ ಮೆಟ್ಟಿಲಲ್ಲಿ ಅವರನ್ನು ಕಂಡು ಹೌಹಾರಿದ ನಾಯಿ ಅವರ ಕೈಚೀಲಕ್ಕೆ ಬಾಯಿ ಹಾಕಿತು. ಚೀಲ ಚಿಂದಿ. "ಒಂದು ತಿಂಗಳು ಟೈಮ್ ಕೊಡ್ತೀನಿ. ನೆಟ್ಟಗಾಗ್ಬೇಕು. ಇಲ್ಲಾಂದ್ರೆ ಬೇರೆ ಕಡೆ ಕಳಿಸ್ಬೇಕು." ಇವನನ್ನು ಕಳಿಸುವುದೇ? ಆಗದ ಮಾತು.

ಮಾರ್ಚ್ 4
ದೊರೆ ಬಾಯಿ ಹಾಕದಂತೆ ಮೂತಿಗೊಂದು ಗವಸು ಹೊಲಿದೆ: ದಪ್ಪ ಕ್ಯಾನ್ವಾಸ್, ಡಬಲ್ ಹೊಲಿಗೆ, ಕೋಟಿನ ಹಾಗೆ ಬಿಗಿಯಾದ ಫಿಟ್ಟಿಂಗ್. ಅಕ್ಕ ಬೇರೆ, "ಗುಂಡಿ ಇಡೋ, ಚೆನ್ನಾಗಿರತ್ತೆ" ಅಂದಳು. ಬೀಗುತ್ತ ನಾಯಿ ಡಾಕ್ಟರಮ್ಮನಿಗೆ ತೋರಿಸಿದೆ. ಸರಿಯಾಗಿ ಮಂಗಳಾರತಿ ಆಯಿತು.

"ನಾಯಿ ನಮ್ಮ ಥರ ಬೆವರಲ್ಲ ರೀ, ಬಾಯಿ ತೆರೆದು ಏದುಸಿರು ಬಿಡ್ಬೇಕು. ಇದನ್ನ ಹಾಕ್ಕೊಂಡು ಬಿಸಿಲಲ್ಲಿ ನಡೆದ್ರೆ ಅಷ್ಟೇ. ಬುಟ್ಟಿ ಥರ ಜಾಲರಿ ಇರೋ ಗವಸು ತಗೊಳ್ಳಿ. ನೀರು ಕುಡಿಯೋಕೆ, ಬಿಸ್ಕತ್ತು ತಿನ್ನೋಕೆ ಬರ್ಬೇಕು."

ಮೂವತ್ತು ವರ್ಷ ಸರ್ವಿಸಿನ ಟೈಲರ್. ನಾಯಿಯ ಮುಂದೆ ಫೇಲು.

ಮಾರ್ಚ್ 5, ಬೆಳಿಗ್ಗೆ 7
ನಿನ್ನೆ ಸಂಜೆಯೇ ಬುಟ್ಟಿ ತಂದಿದ್ದೆ. ಒಳಗೆ ಪೀನಟ್ ಬಟರ್ ಸವರಿ ಹಿಡಿದೆ. ತಾನೇ ಮೂತಿ ತೂರಿಸಿದ, ನೆಕ್ಕಿದ, ಹೊರತೆಗೆದ. ಇನ್ನೊಂದು ವಾರ ಅದರ ಪಟ್ಟಿ ಕಟ್ಟಬಾರದು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಅಕ್ಕ: "ನಿನ್ ಮದುವೇಲಿ ನಿಂಗೂ ಇಷ್ಟು ಉಪಚಾರ ಇರ್ಲಿಲ್ವಲ್ಲೋ!"

ಮಾರ್ಚ್ 14
ಪಟ್ಟಿ ಕಟ್ಟಿದೆ — ಅಡಿಯಲ್ಲಿ ಒಂದು ಬೆರಳು ಆಡುವಷ್ಟು ಸಡಿಲ. ಮನೆಯೊಳಗೆ ಹತ್ತು ನಿಮಿಷ ಆರಾಮಾಗಿ ಓಡಾಡಿದ. ನನ್ನ ಹುಮ್ಮಸ್ಸು ಏರಿತು. ಬುಟ್ಟಿ ಇದೆಯಲ್ಲ, ಇನ್ನೇನು ಅಂತ ನೇರ ಮಾರ್ಕೆಟ್ಟಿಗೆ... ಎರಡು ನಾಯಿ, ನಾಲ್ಕು ಸೈಕಲ್. ದೊರೆ ಗಡಗಡ ನಡುಗಿ ನನ್ನ ಕಾಲ ಸಂದಿಗೆ ನುಗ್ಗಿದ. ತಿರುಗಿ ಬಂದೆವು. ಬಹಳ ನಾಚಿಕೆಯಾಯಿತು.

ಡಾಕ್ಟರಮ್ಮ ಫೋನಿನಲ್ಲಿ: "ನೀವು ಕಟ್ಟಿದ್ದು ಬಾಯಿ. ಹೆದರಿಕೆ ಹಾಗೇ ಇದೆ. ದೂರದಿಂದ ಶುರು ಮಾಡಿ."

ಮಾರ್ಚ್ 27
ರಸ್ತೆಯ ಆ ಬದಿ ಜನ, ಈ ಬದಿ ನಾವು. ಇವನು ಅವರನ್ನು ನೋಡಿದರೆ ಒಂದು ಬಿಸ್ಕತ್ತು, ಬೊಗಳದಿದ್ದರೆ ಇನ್ನೊಂದು. ಇವತ್ತು ಪೋಸ್ಟ್‌ಮ್ಯಾನ್ ಹಾದುಹೋದರೂ ಕ್ಯಾರೇ ಅನ್ನಲಿಲ್ಲ! ಅಂಗಡಿಯಲ್ಲಿ ಶಿಳ್ಳೆ ಹಾಕುತ್ತ ಕಾಲರ್ ಉಲ್ಟಾ ಹೊಲಿದೆ.

ಏಪ್ರಿಲ್ 2
ಗಡುವು. ಮೆಟ್ಟಿಲ ಕೆಳಗೆ ನಿಂತೆವು, ಬುಟ್ಟಿ ಸಮೇತ. ಓನರ್ ಅಮ್ಮ ಇಳಿದು ಬಂದರು. ದೊರೆ ಅವರನ್ನು ನೋಡಿದ, ನನ್ನ ಕಡೆ ತಿರುಗಿದ. ಸದ್ದಿಲ್ಲ. ಅವರಿಗೆ ಖುಷಿಯಾಗಿ ತಲೆ ಸವರಲು ಕೈ ಚಾಚಿದರು. ಇವನ ಮೈ ಸೆಟೆಯಿತು.

ನಡುವೆ ಹೋಗಿ ನಿಂತೆ. "ಬೇಡಮ್ಮ. ಅವನಿಗಿನ್ನೂ ಭಯ. ಮುಟ್ಬೇಡಿ." ಅಂದ ಮೇಲೆ ಹೊಳೆಯಿತು. ತೀರ್ಪು ಕೊಡುವವರ ಕೈಯನ್ನೇ ತಡೆದೆನಲ್ಲ!

ಅವರು ಕೈ ಹಿಂದೆಳೆದುಕೊಂಡು ನನ್ನನ್ನೇ ದಿಟ್ಟಿಸಿದರು. "ನೀವು ಹೀಗೆ ಅಡ್ಡ ನಿಲ್ತೀರಾ ಅಂದ್ರೆ ನಂಗೂ ಭಯ ಇಲ್ಲ. ಇರ್ಲಿ ಬಿಡಿ. ಇಲ್ಲೇ ಇರ್ಲಿ."

ಬಾಗಿಲ ಹಿಂದೆ ಅಕ್ಕ ಚಪ್ಪಾಳೆ ಹೊಡೆದು ಕೆಲಸ ಕೆಡಿಸಿದಳು. ಒಂದೇ ಒಂದು ಬೌ.

ಏಪ್ರಿಲ್ 3, ಬೆಳಿಗ್ಗೆ 6
ಮೆಟ್ಟಿಲಲ್ಲಿ ಹೆಜ್ಜೆ ಸದ್ದು. ಅವರೇ. ದೊರೆ ಎದ್ದ. ಬೊಗಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಾನೆ. ತಕ್ಷಣ ಕೊಡಬೇಕು... ಬಿಸ್ಕತ್ತಿನ ಡಬ್ಬಿ ಎಲ್ಲಿ ಇಟ್ಟೆ —